ಅಂಗಳವಿಲ್ಲದ ಶಾಲೆ

ಸಂಜೆ ಮರಳೂರು ಕೆರೆಯ ಕಡೆಗೆ ತಿರುಗಾಡಲು ಹೋಗುವ ನಮ್ಮದೊಂದು ಸಣ್ಣ ಗುಂಪುಂಟು. ಎಲ್ಲರೂ ನಿವೃತ್ತರು, ಆದ್ದರಿಂದ ಜಗತ್ತನ್ನು ತಿದ್ದುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಗುಂಪಿನಲ್ಲಿ ಒಬ್ಬರು ಹಿಂದೆ ವಿದ್ಯಾ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದವರು. ಅವರು ಒಂದು ಸಂಜೆ ಇದ್ದಕ್ಕಿದ್ದಂತೆ ನಿಂತು, “ಮೇಷ್ಟ್ರೇ, ನಮ್ಮ ಜಿಲ್ಲೆಗೊಂದು ವರ್ಚುವಲ್ ಶಾಲೆ ಮಾಡಿದರೆ ಹೇಗೆ? ಕಟ್ಟಡ ಬೇಡ, ಬೆಂಚು ಬೇಡ, ಬೀಗ ಬೇಡ. ಪಾವಗಡದ ಹುಡುಗನಿಗೂ ಕುಣಿಗಲಿನ ಹುಡುಗಿಗೂ ಒಬ್ಬರೇ ಒಳ್ಳೆಯ ಗಣಿತದ ಮೇಷ್ಟ್ರು. ಮನೆಯಲ್ಲೇ ಕೂತು ವರ್ಷವೆಲ್ಲ ಓದಲಿ. ಏನಂತೀರಿ?” ಎಂದು ಕೇಳಿದರು.

ನಾನು ಆಗ ಏನೂ ಅನ್ನಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಸೀಮೆಸುಣ್ಣ ಹಿಡಿದವನಿಗೆ ಇಂಥ ಪ್ರಶ್ನೆ ಕೇಳಿದರೆ ಮೊದಲು ಬರುವುದು ಸಿಟ್ಟು. ಸಿಟ್ಟಿನಲ್ಲಿ ಕೊಟ್ಟ ಉತ್ತರ ಉತ್ತರವಲ್ಲ. ಮನೆಗೆ ಬಂದು ಯೋಚಿಸಿದೆ. ಪಾಠವನ್ನು ದೂರದಿಂದ ಕಳಿಸುವ ಹಂಬಲ ಹೊಸದಲ್ಲ, ನನ್ನ ಒಂದು ಆಯುಸ್ಸಿನಲ್ಲೇ ಅದು ನಾಲ್ಕು ವೇಷ ಹಾಕಿ ಬಂದುದನ್ನು ಕಂಡಿದ್ದೇನೆ ಎಂಬುದು ನೆನಪಾಯಿತು. ಆ ವೇಷಗಳ ಕತೆಯನ್ನು ಕ್ರಮವಾಗಿ ಹೇಳಿದರೆ ನನ್ನ ಸ್ನೇಹಿತರಿಗೆ ಉತ್ತರ ದೊರೆತೀತು.

ಮೊದಲಿಗೇ ಒಂದು ಮಾತು ಒಪ್ಪಿಬಿಡಬೇಕು. ಕಟ್ಟಡವಿಲ್ಲದ ಶಾಲೆ ನಮಗೆ ಅಪರಿಚಿತವಲ್ಲ. ನಮ್ಮ ಅಜ್ಜಂದಿರು ಓದಿದ ಕೂಲಿಮಠಕ್ಕೆ ಕಟ್ಟಡ ಎಲ್ಲಿತ್ತು? ಯಾರದೋ ಜಗುಲಿ, ಇಲ್ಲವೆ ಗುಡಿಯ ಪಡಸಾಲೆ. ಮುಂದೆ ಮರಳು ಹರವಿದ ನೆಲ. ಮಕ್ಕಳ ಮನೆಯವರು ಕೊಟ್ಟ ಕಾಳುಕಡ್ಡಿಯೇ ಅಯ್ಯನವರ ಸಂಬಳ. ಅಲ್ಲಿ ಗೋಡೆಯಿರಲಿಲ್ಲ, ಗಂಟೆಯಿರಲಿಲ್ಲ, ಆದರೆ ಅಯ್ಯನವರಿದ್ದರು. ಗೋಡೆಯನ್ನು ಬಿಟ್ಟು ಶಾಲೆ ನಡೆದೀತು ಎಂಬುದಕ್ಕೆ ಕೂಲಿಮಠವೇ ಸಾಕ್ಷಿ. ಅಯ್ಯನವರನ್ನೂ ಬಿಟ್ಟು ನಡೆದೀತೆ ಎಂಬುದು ಆಮೇಲಿನ ಪ್ರಶ್ನೆ.

ದೂರಪಾಠದ ಮೊದಲ ವೇಷ ಅಂಚೆಯದು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿದ್ಯೆ ಕಾಲೇಜಿನ ಗೋಡೆಯೊಳಗೆ ಉಳಿಯಬಾರದೆಂದು ಬಹು ಮುಂಚೆಯೇ ಯೋಚಿಸಿತ್ತು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುತ್ತಿದ್ದರು. ಆ ಉಪನ್ಯಾಸಗಳು ಆಮೇಲೆ ಅಗ್ಗದ ಪುಟ್ಟ ಪುಸ್ತಕಗಳಾಗಿ ಹೊರಬರುತ್ತಿದ್ದುವು. ಅಲ್ಲಿ ಮೇಷ್ಟರೇ ಹಳ್ಳಿಗೆ ಬರುತ್ತಿದ್ದರು. 1969ರಲ್ಲಿ ಅದೇ ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದಾಗ ಪಾಠವೊಂದೇ ಬಂತು, ಮೇಷ್ಟರು ಮೈಸೂರಿನಲ್ಲೇ ಉಳಿದರು. ಇಂದಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಬೇರೆಯಾಗಿ ನಿಂತದ್ದು ಈ ಬೇರಿನಿಂದಲೇ.

ಆ ಮೊದಲ ವರ್ಷಗಳ ವಿದ್ಯಾರ್ಥಿಗಳಲ್ಲಿ ನನ್ನ ಅಕ್ಕನೂ ಒಬ್ಬಳು. ಗುಬ್ಬಿ ತಾಲ್ಲೂಕಿನ ಹಳ್ಳಿಗೆ ಸೊಸೆಯಾಗಿ ಹೋದವಳು ಬಿ.ಎ. ಮಾಡುತ್ತೇನೆಂದು ಹಟ ಹಿಡಿದಳು. ಕಂದು ಕಾಗದದ ದಪ್ಪ ಪೊಟ್ಟಣಗಳಲ್ಲಿ ಪಾಠ ಬರುತ್ತಿತ್ತು. ಉತ್ತರ ಬರೆದು ಕಳಿಸಿದರೆ ಕೆಂಪು ಶಾಯಿಯ ಟಿಪ್ಪಣಿಯೊಡನೆ ಹಿಂದಿರುಗುತ್ತಿತ್ತು. ಅಕ್ಕ ಪಾಸಾದಾಗ ನಾನು, “ಮೈಸೂರಿನ ಪ್ರೊಫೆಸರುಗಳು ಗಟ್ಟಿಗರು” ಎಂದೆ. ಅವಳು ನಕ್ಕು, “ಪ್ರೊಫೆಸರುಗಳು ಗಟ್ಟಿಗರೇ. ಆದರೆ ಪೊಟ್ಟಣ ಬಂದ ದಿನ ಒಲೆ ಮುಂದೆ ಕೂತವರು ನಮ್ಮತ್ತೆ ಕಣೋ. ‘ನೀನು ಓದಿಕೊ ಹೋಗು’ ಅಂತ ನನ್ನನ್ನು ಅಟ್ಟುತ್ತಿದ್ದರು. ಒಂದು ವಾರ ಪುಸ್ತಕ ಮುಟ್ಟದಿದ್ದರೆ ಬೈಯುತ್ತಿದ್ದರು” ಎಂದಳು. ಆ ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಅಕ್ಕನ ಶಾಲೆಯ ಅರ್ಧ ಮೈಸೂರಿನಲ್ಲಿತ್ತು. ಇನ್ನರ್ಧ ಆ ಅಡಿಗೆಮನೆಯಲ್ಲಿತ್ತು.

ಎರಡನೆಯ ವೇಷ ಬಾನುಲಿಯದು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣದೊಂದು ಬಾನುಲಿ ಕೇಂದ್ರವನ್ನು ನಡೆಸತೊಡಗಿದ್ದು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾದದ್ದು, ಮುಂದೆ ಆ ಹೆಸರು ದೇಶಕ್ಕೆಲ್ಲ ಸಂದದ್ದು ಎಲ್ಲರಿಗೂ ತಿಳಿದ ಕತೆ. ಅಧ್ಯಾಪಕರೊಬ್ಬರು ತರಗತಿಯ ಆಚೆಗೆ ಧ್ವನಿ ಕಳಿಸಲು ಹೊರಟರೆಂಬುದನ್ನು ನಾವು ಮರೆಯಬಾರದು. ಬೆಂಗಳೂರಿನ ಆಕಾಶವಾಣಿ ನಿಲಯ 1955ರಲ್ಲಿ ಶುರುವಾಯಿತು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದ 1960ರ ದಶಕದ ಮೊದಲ ವರ್ಷಗಳಲ್ಲಿ ಶಾಲಾ ಮಕ್ಕಳ ಕಾರ್ಯಕ್ರಮ ನಮ್ಮ ಪಾಲಿಗೆ ಒಂದು ಹಬ್ಬ.

ನಮ್ಮ ರೇಡಿಯೋ ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಇರುತ್ತಿತ್ತು. ಬೀಗದ ಕೈ ಹೆಡ್ಮಾಸ್ಟರ ಸೊಂಟದಲ್ಲಿ. ಪ್ರಸಾರಕ್ಕೆ ಮುಂಚೆ ನಮ್ಮ ಮೇಷ್ಟರು ಆ ದಿನದ ಪಾಠದ ಕಠಿಣ ಪದಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಅರ್ಥ ಹೇಳುತ್ತಿದ್ದರು. ಪ್ರಸಾರ ಮುಗಿದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರು. ಒಮ್ಮೆ ಅವರು ರಜ ಹಾಕಿದ್ದರು. ಬೇರೊಬ್ಬರು ಬಂದು ರೇಡಿಯೋ ಹಾಕಿ ಹೊರಟುಹೋದರು. ಆ ಅರ್ಧ ಗಂಟೆಯಲ್ಲಿ ಬಾನುಲಿಯಲ್ಲಿ ಯಾವ ಪಾಠ ನಡೆಯಿತೋ ನನಗೆ ಗೊತ್ತಿಲ್ಲ. ನನ್ನ ಅಂಗಿಯ ಎರಡು ಗುಂಡಿ ಕಿತ್ತುಹೋದದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಾವು ಹೀಗೆ ವಾರಕ್ಕೊಮ್ಮೆ ಬಾನುಲಿಯ ಪಾಠ ಕೇಳುವ ಮುನ್ನವೇ, ದೂರದ ಆಸ್ಟ್ರೇಲಿಯದಲ್ಲಿ ಮಕ್ಕಳು ದಿನದಿನವೂ ಬಾನುಲಿಯ ಶಾಲೆಗೆ ‘ಹೋಗುತ್ತಿದ್ದರು.’ ಅಲ್ಲಿ ಕುರಿ, ದನ ಸಾಕುವ ಒಂಟಿ ಮನೆಗಳಿಂದ ಹತ್ತಿರದ ಶಾಲೆಗೆ ನೂರಾರು ಮೈಲಿ. ಆ ಮಕ್ಕಳಿಗೆ ಮೊದಲು ಅಂಚೆಯಲ್ಲೇ ಪಾಠ ಹೋಗುತ್ತಿತ್ತು. ಹಾರುವ ವೈದ್ಯರನ್ನು ಕರೆಯಲು ಮನೆಮನೆಯಲ್ಲಿ ಇಟ್ಟಿದ್ದ ನಿಸ್ತಂತು ಯಂತ್ರ ಮಕ್ಕಳ ಪಾಠಕ್ಕೂ ಏಕಾಗಬಾರದೆಂದು ಆಡಿಲೇಡ್ ಮೀಥ್‌ಕೆ ಎಂಬ ಶಿಕ್ಷಣವೇತ್ತೆಗೆ ಹೊಳೆಯಿತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ‘ಆಕಾಶ ಶಾಲೆ’ ಶುರುವಾಯಿತು. ಮೇಷ್ಟರು ಹಾಜರಿ ಕರೆದರೆ ಹುಡುಗರು ತಮ್ಮ ತಮ್ಮ ಮನೆಯಿಂದಲೇ ಉತ್ತರ ಕೊಡುತ್ತಿದ್ದರು. ಮುಂದೆ ಉಪಗ್ರಹ ಬಂತು, ಮುಖವೂ ಕಾಣತೊಡಗಿತು. ಪೂರ್ಣಾವಧಿಯ ದೂರಶಾಲೆ ಸಾಧ್ಯವೆಂಬುದಕ್ಕೆ ಜಗತ್ತು ಇಂದಿಗೂ ತೋರಿಸುವುದು ಈ ಶಾಲೆಯನ್ನೇ. ಆದರೆ ಅದರ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರತಿ ಮಗುವಿನ ಪಕ್ಕದಲ್ಲೂ ಮನೆಪಾಠದ ಹೊಣೆ ಹೊತ್ತ ಒಬ್ಬರು ಕೂತಿರುತ್ತಾರೆ. ಬಹುಮಟ್ಟಿಗೆ ತಾಯಿ, ಇಲ್ಲವೆ ಅದಕ್ಕೆಂದೇ ಸಂಬಳ ಕೊಟ್ಟು ಇರಿಸಿಕೊಂಡವರು. ಶಾಲೆಯ ಅಧ್ಯಾಪಕರೂ ಬರಿಯ ಧ್ವನಿಯಾಗಿ ಉಳಿಯದೆ ಆಗಾಗ ಪ್ರಯಾಣ ಮಾಡಿ ಮಗುವನ್ನು ಮನೆಯಲ್ಲೇ ಕಂಡು ಬರುತ್ತಾರೆ.

ಮೂರನೆಯ ವೇಷ ಉಪಗ್ರಹದ್ದು. ಅದು ನಮ್ಮ ನಾಡಿಗೇ ಬಂತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಬೀರಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆ ಪಟ್ಟಿಯಲ್ಲಿದ್ದುವು. ಬೆಂಗಳೂರು ಪಟ್ಟಣವೇ ಇನ್ನೂ ದೂರದರ್ಶನ ಕಾಣದಿದ್ದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿ ಅದರ ಪಾಠ ನೋಡುತ್ತಿದ್ದರು. ನನ್ನ ಸ್ನೇಹಿತನೊಬ್ಬ ಆಗ ಅಂಥದೊಂದು ಹಳ್ಳಿಯಲ್ಲಿ ಉಪಾಧ್ಯಾಯ. ಶಾಲೆಯ ಬಳಿ ನಿಲ್ಲಿಸಿದ್ದ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಹತ್ತಡಿ ಅಗಲದ ಕೊಡೆಯನ್ನು ಅವನು ನನಗೆ ವರ್ಣಿಸಿ ಬರೆದ ಕಾಗದ ಬಹುಕಾಲ ನನ್ನ ಬಳಿ ಇತ್ತು. ಆ ಕಾಗದದ ಕೊನೆಯ ಸಾಲುಗಳ ಸಾರ ಇಷ್ಟು: ಪೆಟ್ಟಿಗೆಯಲ್ಲಿ ಬರುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಅದು ಮುಗಿದ ಮೇಲೆ ನನ್ನ ಕಡೆ ತಿರುಗುತ್ತಾರೆ, ಆಗ ನನ್ನ ಕೆಲಸ ಶುರು.

ಒಂದು ವರ್ಷ ಮುಗಿಯಿತು. ಎರವಲಿನ ಉಪಗ್ರಹ ತನ್ನ ದಾರಿ ಹಿಡಿಯಿತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ನೆಲಕೇಂದ್ರ ಬಂದು ಸುತ್ತಿನ ಊರುಗಳಿಗೆ ಸ್ವಲ್ಪ ಸಮಾಧಾನವಾಯಿತಾದರೂ, ಆಕಾಶದಿಂದ ಇಳಿಯುತ್ತಿದ್ದ ಪಾಠ ಅಲ್ಲಿಗೆ ನಿಂತಿತು. ಮತ್ತೆ ಇಪ್ಪತ್ತೆಂಟು ವರ್ಷ ಕಳೆದು, 2004ರ ಸೆಪ್ಟೆಂಬರ್ 20ರಂದು ನಮ್ಮದೇ ರಾಕೆಟ್ಟಿನಲ್ಲಿ ನಮ್ಮದೇ ಎಜುಸ್ಯಾಟ್ ಮೇಲೇರಿತು. ಅದು ಶಿಕ್ಷಣಕ್ಕಾಗಿಯೇ ಮೀಸಲಾದ ಉಪಗ್ರಹ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳಿಗೂ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಮಿಕ್ಕಿದ ಪ್ರಾಥಮಿಕ ಶಾಲೆಗಳಿಗೂ ಪಾಠ ಬಂತು. ಒಂದು ಇಡೀ ಜಿಲ್ಲೆಯನ್ನೇ ಒಂದು ತರಗತಿಯಾಗಿ ಎಣಿಸಿದ ಪ್ರಯೋಗ ಇದು. 2010ರಲ್ಲಿ ಆ ಉಪಗ್ರಹದ ಆಯುಸ್ಸು ತೀರಿತು. ಯಂತ್ರಕ್ಕೆ ಆಯುಸ್ಸು ಉಂಟೆಂಬುದನ್ನು ಯೋಜನೆ ಮಾಡುವವರು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯದನ್ನು ಮುಗಿಸಲು ಹತ್ತು ವರ್ಷ ಬೇಕು. ಎಜುಸ್ಯಾಟ್ ಬದುಕಿದ್ದು ಆರು ವರ್ಷ.

ಇಷ್ಟರವರೆಗೆ ದೂರಪಾಠ ಶಾಲೆಗೆ ಬಂದ ನೆಂಟನಾಗಿತ್ತು, ಶಾಲೆಯೇ ಆಗಿರಲಿಲ್ಲ. ಅಂಚೆ ವಯಸ್ಕರಿಗೆ, ಬಾನುಲಿ, ಉಪಗ್ರಹಗಳು ತರಗತಿಗೆ, ಅದೂ ಮೇಷ್ಟರ ಕಣ್ಣೆದುರಿನಲ್ಲಿ. 2020ರ ಮಾರ್ಚಿಯಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ನಾಲ್ಕನೆಯ ವೇಷ ಬಂತು. ಈಗ ನೆಂಟನೇ ಮನೆಯ ಯಜಮಾನನಾಗಬೇಕಾಯಿತು.

ಆ ವರ್ಷದ ಗೊಂದಲ ಓದುಗರಿಗೆ ಮರೆತಿರಲಾರದು. ಜೂನ್ ತಿಂಗಳಲ್ಲಿ ನಮ್ಮ ಸರಕಾರ ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಕೂಡದೆಂದು ತಡೆಯಿತು. ಆಮೇಲೆ ಗಂಟೆಯ ಮಿತಿ ಹಾಕಿ ಸ್ವಲ್ಪ ಸಡಿಲಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯ ಆ ಆಜ್ಞೆಗಳಿಗೆ ತಡೆ ಕೊಟ್ಟಿತು. ವಿದ್ಯೆ ಮಗುವಿನ ಮೂಲಭೂತ ಹಕ್ಕು, ಅದನ್ನು ಹೀಗೆ ನಿಲ್ಲಿಸಲಾಗದು ಎಂಬುದು ಅದರ ನಿಲುವು. ಹಾಗೆಂದು ಶಾಲೆಗಳು ಆನ್‌ಲೈನ್ ಪಾಠವನ್ನು ಕಡ್ಡಾಯ ಮಾಡುವಂತಿಲ್ಲ, ಅದಕ್ಕೆಂದು ಹೆಚ್ಚು ಹಣ ಕೇಳುವಂತಿಲ್ಲ ಎಂದೂ ಹೇಳಿತು. ವಾದಿಸಿದ ಎರಡು ಪಕ್ಷಗಳಲ್ಲೂ ಹುರುಳಿತ್ತು. ಆದರೆ 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್‌ನೆಟ್ ಸೌಕರ್ಯವಿದ್ದ ಮನೆಗಳು ನೂರಕ್ಕೆ ಹದಿನೈದರಷ್ಟು; ಕಂಪ್ಯೂಟರ್ ಇದ್ದುವು ನೂರಕ್ಕೆ ಐದೂ ಇಲ್ಲ. ಹಕ್ಕು ಎಲ್ಲರದು, ತಂತಿ ಕೆಲವರದು.

ಜುಲೈ ತಿಂಗಳಿನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಶುರುವಾಯಿತು. ಒಂದು ಬೆಳಿಗ್ಗೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಗೇಟಿನ ಹೊರಗೆ ನಿಂತು, “ತಾತ, ನಿಮ್ಮನೇಲಿ ಚಂದನ ಬರ್ತೈತಾ?” ಎಂದು ಕೇಳಿದಳು. ಒಂಬತ್ತನೆಯ ತರಗತಿ. ತಂದೆಗೆ ಆಟೋ. ಮನೆಗೆಲ್ಲ ಒಂದೇ ಫೋನು. ಅದು ಬೆಳಿಗ್ಗೆ ಆಟೋದ ಜೊತೆಗೆ ಹೋದರೆ ಹಿಂದಿರುಗುವುದು ರಾತ್ರಿ. ಶಾಲೆಯವರು ಕಳಿಸಿದ ಪಾಠಗಳೆಲ್ಲ ಆ ಫೋನಿನಲ್ಲಿ ಕುಣಿಗಲ್ ರಸ್ತೆಯ ಮೇಲೆ ಓಡಾಡುತ್ತಿದ್ದುವು. ನನ್ನ ಹೆಂಡತಿ ಕಿಟಕಿಗಳನ್ನೆಲ್ಲ ತೆಗೆದು ನಡುಮನೆಯಲ್ಲಿ ದೂರ ದೂರ ಮೂರು ಮಣೆ ಹಾಕಿದಳು. ಹುಡುಗಿಯ ಹಿಂದೆ ಅವಳ ಗೆಳತಿ ಬಂದಳು. ಅವರ ಹಿಂದೆ ಎಂಟನೆಯ ತರಗತಿಯ ಒಬ್ಬ ಹುಡುಗ ಬಂದ. ಬಹಳ ಚುರುಕು, ಒಂದು ನಿಮಿಷ ಕೂತಲ್ಲಿ ಕೂರುವವನಲ್ಲ.

ಟಿ.ವಿ.ಯ ಮೇಷ್ಟರು ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ನನಗಿಂತ ಚೆನ್ನಾಗಿ ಎಂದರೂ ಸಲ್ಲುತ್ತದೆ. ಆದರೆ ಅವರಿಗೆ ಮಕ್ಕಳು ಕಾಣರು. ಹುಡುಗ ಹಿಂದಿನ ಮೆಟ್ಟಿಲಲ್ಲೇ ಎಡವಿ ಬಿದ್ದಿದ್ದರೂ ಪಾಠ ಮುಂದೆ ಹೋಗುತ್ತಿತ್ತು. ಮುಗಿದ ಮೇಲೆ ಮೂವರೂ ನನ್ನ ಕಡೆ ತಿರುಗುತ್ತಿದ್ದರು. ರಾಯಚೂರಿನಿಂದ ಬಂದ ಆ ಹಳೆಯ ಕಾಗದ ಆಗ ನೆನಪಾಯಿತು.

ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಬಂತು. ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಉಪಾಧ್ಯಾಯರು. ಯಾವ ಸಾಧನವೂ ಇಲ್ಲದವರು, ಬರಿಯ ಫೋನು ಇರುವವರು, ಇಂಟರ್‌ನೆಟ್ ಇರುವವರು ಎಂದು ಮಕ್ಕಳನ್ನು ವಿಂಗಡಿಸಿಕೊಂಡು, ಇಲ್ಲದವರ ಬಳಿಗೆ ಮೇಷ್ಟರೇ ಹೋಗಬೇಕು. ಗುಡಿಯ ಜಗುಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಪಾಠ. ಅದನ್ನು ಕಂಡಾಗ ನನಗೆ ಕೂಲಿಮಠವೇ ಮರಳಿ ಬಂದಂತೆ ಕಂಡಿತು. ಆದರೆ ಮಕ್ಕಳಿಗೂ ಉಪಾಧ್ಯಾಯರಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಮ್ಮ ನಡುಮನೆಯ ಶಾಲೆಯೂ ಆ ತಿಂಗಳು ನಿಂತಿತು. ನನಗೇ ಜ್ವರ ಬಂದಿತ್ತು. ನಾನು ಎದ್ದು ಓಡಾಡುವ ಹೊತ್ತಿಗೆ ಹುಡುಗಿಯರಿಬ್ಬರೂ ಮತ್ತೆ ಬಂದರು. ಹುಡುಗ ಬರಲಿಲ್ಲ. ಗ್ಯಾರೇಜೊಂದರಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದ. “ಸ್ಕೂಲು ತೆಗೀಲಿ ತಾತ, ಹೋಗ್ತೀನಿ” ಎಂದ. ಮುಂದಿನ ವರ್ಷ 2021ರ ಆಗಸ್ಟ್ 23ರಂದು ಒಂಬತ್ತು ಮತ್ತು ಹತ್ತನೆಯ ತರಗತಿಗಳು ಮತ್ತೆ ತೆರೆದುವು. ಅವನು ಹೋಗಲಿಲ್ಲ. ಅವನ ಹೆಸರು ಯಾವುದೋ ಪಟ್ಟಿಯಲ್ಲಿ ಹಾಜರಿತ್ತು. ಅವನು ಬರಲಿಲ್ಲವೆಂದು ಕೇಳಲು ಮನೆಗೆ ಯಾರೂ ಹೋಗಿರಲಿಲ್ಲ. ಆ ಅಕ್ಟೋಬರಿನಿಂದಾಚೆಗೆ ನಾನೂ ಒಮ್ಮೆ ಮಾತ್ರ ಹೋಗಿದ್ದೆ. ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಆ ಲೆಕ್ಕದಲ್ಲಿ ನನ್ನದೂ ಒಂದು ಪಾಲಿದೆ.

ಈಗ ಸ್ನೇಹಿತರ ಪ್ರಶ್ನೆಗೆ ಬರೋಣ. ಜಿಲ್ಲೆಯೊಂದು ಪೂರ್ಣಾವಧಿಯ ದೂರಶಾಲೆಯನ್ನು ನಡೆಸಬಹುದೆ? ನಡೆಸಬಹುದು, ನಡೆಸಿದವರಿದ್ದಾರೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 1997ರಲ್ಲೇ ಸರಕಾರಿ ವರ್ಚುವಲ್ ಶಾಲೆ ಹುಟ್ಟಿತು. 2008ರಲ್ಲಿ ಆದ ಶಾಸನದಂತೆ ಅಲ್ಲಿನ ಪ್ರತಿಯೊಂದು ಶಾಲಾ ಜಿಲ್ಲೆಯೂ ಇಂಥ ಪೂರ್ಣಾವಧಿ ಕಲಿಕೆಯ ಏರ್ಪಾಡು ಮಾಡಬೇಕಾಯಿತು. ಅಲ್ಲಿಯೂ ಅಧ್ಯಾಪಕರು ತಂದೆತಾಯಿಗಳಿಗೆ ಫೋನು ಮಾಡಿ ಮಾತನಾಡುವುದು ಕೆಲಸದ ಭಾಗ. ಮನೆಯಲ್ಲಿ ಒಬ್ಬ ಹಿರಿಯರು ಮಗುವಿನ ಜೊತೆಗೆ ಕೂರಲೇಬೇಕು. ನಮ್ಮ ದೇಶದಲ್ಲಿ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ 2021ರಲ್ಲಿ ವರ್ಚುವಲ್ ಶಾಲೆಯನ್ನು ಆರಂಭಿಸಿತು. 2022ರ ಆಗಸ್ಟಿನಲ್ಲಿ ದಿಲ್ಲಿ ಸರಕಾರವೂ ಒಂದನ್ನು ತೆರೆಯಿತು.

ನಮ್ಮ ತುಮಕೂರು ಕಂದಾಯಕ್ಕೆ ಒಂದು ಜಿಲ್ಲೆಯಾದರೂ ವಿದ್ಯೆಗೆ ಎರಡು. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಒಂದು ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳು ಇನ್ನೊಂದು. ಪ್ರತಿಯೊಂದಕ್ಕೂ ಉಪನಿರ್ದೇಶಕರು, ತಾಲ್ಲೂಕಿಗೆ ಶಿಕ್ಷಣಾಧಿಕಾರಿಗಳು, ಕೆಲವು ಶಾಲೆಗಳಿಗೊಬ್ಬ ಸಂಪನ್ಮೂಲ ವ್ಯಕ್ತಿ. ದೂರಶಾಲೆಗೆ ಬೇಕಾದ ಎಲುಬು ಇಲ್ಲಿ ಇದ್ದೇ ಇದೆ. ಪಾಠ ಮಾಡುವ ಒಳ್ಳೆಯ ಮೇಷ್ಟರು, ವೇಳಾಪಟ್ಟಿ, ಮಕ್ಕಳಿಗೆ ಕೊಡುವ ಯಂತ್ರ, ಪರೀಕ್ಷೆಗೆ ಒಂದು ನಿಜವಾದ ಕೊಠಡಿ, ಇವನ್ನೆಲ್ಲ ಹಣವಿದ್ದರೆ ಒದಗಿಸಬಹುದು. ಆದರೆ ಆಯವ್ಯಯದ ಮೊದಲ ಸಾಲಿನಲ್ಲಿ ನಾನು ಬರೆಸುವುದು ಬೇರೆ. ಇಪ್ಪತ್ತು ಮಕ್ಕಳಿಗೆ ಒಬ್ಬರಂತೆ, ಆಯಾ ಬೀದಿಯ, ಆಯಾ ಹಳ್ಳಿಯ ಒಬ್ಬ ಸಂಬಳದ ಮನುಷ್ಯ. ದಿನಕ್ಕೊಮ್ಮೆ ಹಾಜರಿ ಕರೆಯುವವನು. ಎರಡು ದಿನ ಉತ್ತರ ಬಾರದಿದ್ದರೆ ಮೂರನೆಯ ದಿನ ಬಾಗಿಲು ತಟ್ಟುವವನು. ಅಕ್ಕನ ಅತ್ತೆ, ಬೀಗದ ಪೆಟ್ಟಿಗೆಯ ಮುಂದಿನ ನಮ್ಮ ಮೇಷ್ಟರು, ಆಸ್ಟ್ರೇಲಿಯದ ತಾಯಂದಿರು, ರಾಯಚೂರಿನ ನನ್ನ ಸ್ನೇಹಿತ, ಇವರೆಲ್ಲ ಮಾಡಿದ್ದು ಆ ಕೆಲಸವನ್ನೇ. ಅಂಚೆ ಹೋಯಿತು, ಬಾನುಲಿ ಹಳೆಯದಾಯಿತು, ಉಪಗ್ರಹ ಕಣ್ಣು ಮುಚ್ಚಿತು. ಈ ಹುದ್ದೆ ಮಾತ್ರ ನಾಲ್ಕು ವೇಷದಲ್ಲೂ ಖಾಲಿ ಬಿಡಲಾಗದ್ದು.

ಯಾರಿಗಾಗಿ ಈ ಶಾಲೆ ಎಂಬುದನ್ನೂ ಗೊತ್ತು ಮಾಡಿಕೊಳ್ಳಬೇಕು. ಕಾಯಿಲೆಯಿಂದ ಹಾಸಿಗೆ ಹಿಡಿದ ಮಗು, ಕೆಲಸ ಹುಡುಕಿ ಊರೂರು ತಿರುಗುವವರ ಮಗು, ಒಮ್ಮೆ ಬಿಟ್ಟು ಮತ್ತೆ ಓದಬೇಕೆನ್ನುವ ತರುಣ, ಇಂಥವರಿಗೆ ಅದು ವರ. ಆದರೆ ಮಕ್ಕಳು ಕಡಮೆಯೆಂದು ಹಳ್ಳಿಯ ಶಾಲೆಯನ್ನು ಮುಚ್ಚಿ ಅದರ ಬದಲಿಗೆ ಒಂದು ಫಲಕವನ್ನು ಕೈಗೆ ಕೊಡುವುದಾದರೆ ಅದು ಬೇರೆ ಮಾತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವಯಸ್ಸಿನ ಮಗುವಿಗೆ ನೆರೆಯಲ್ಲೇ ಶಾಲೆ ಇರಬೇಕೆಂದು ಹೇಳುತ್ತದೆ. ಆ ‘ನೆರೆ’ ಎಂಬ ಮಾತಿನಲ್ಲಿ ಬಿಸಿಯೂಟವಿದೆ, ಜಗಳವಾಡಿ ಒಂದಾಗುವ ಗೆಳೆಯರಿದ್ದಾರೆ, ಹೆಣ್ಣುಮಗುವಿಗೆ ಮನೆಗೆಲಸದಿಂದ ಕೆಲವು ಗಂಟೆಗಳ ಬಿಡುವಿದೆ. ಇವು ಯಾವುವೂ ತಂತಿಯ ಮೇಲೆ ಬರುವಂಥವಲ್ಲ.

ನಮ್ಮ ಬೀದಿಯ ಆ ಹುಡುಗಿ ಹತ್ತನೆಯದನ್ನು ದಾಟಿ ಮುಂದೆ ಓದಿದಳು. ಹುಡುಗನ ಗ್ಯಾರೇಜಿನ ಮುಂದೆ ಹಾದುಹೋಗುವಾಗ ನಾನು ಈಗಲೂ ನಿಂತು, “ಯಾವಾಗಯ್ಯ ಬರ್ತೀಯ?” ಎನ್ನುತ್ತೇನೆ. ಮುಕ್ತ ಶಾಲೆಯಲ್ಲಿ ಪರೀಕ್ಷೆ ಕಟ್ಟಬಹುದೆಂದು ಕಾಗದಪತ್ರ ತಂದು ಕೊಟ್ಟಿದ್ದೇನೆ. ಅವನು ಕೈಯ ಗ್ರೀಸು ಒರೆಸಿಕೊಂಡು ನಗುತ್ತಾನೆ, ಇಲ್ಲವೆನ್ನುವುದಿಲ್ಲ. ಸಂಜೆ ಕೆಲಸ ಮುಗಿಸಿ ನಡುಮನೆಗೆ ಬಂದರೆ ಒಂದು ಗಂಟೆ ಜೊತೆಗೆ ಕೂರುತ್ತೇನೆಂದು ಹೇಳಿದ್ದೇನೆ. ಅವನು ಬಂದರೆ ನಮ್ಮ ಜಿಲ್ಲೆಯ ದೂರಶಾಲೆಗೆ ಮೊದಲ ವಿದ್ಯಾರ್ಥಿ ಸೇರಿದನೆಂದು ನನ್ನ ಅಧಿಕಾರಿ ಸ್ನೇಹಿತರಿಗೆ ತಿಳಿಸುವೆ. ಮಣೆ ಹಾಕಿಯೇ ಇದೆ.